ಎರಡಡಿ ಸಮುದ್ರ ಮತ್ತು ಫಿನಾಯಿಲ್ ಆರೋಪ

ಸಮುದ್ರವು ಸಕಲ ಜೀವರಾಶಿಯ ತೌರು. ಅದರ ಆಳ ಕಂಡವರಿಲ್ಲ, ಅದರ ಗಾಂಭೀರ್ಯವನ್ನು ಕೆಣಕಿ ಉಳಿದವರಿಲ್ಲ. ಮೈಸೂರಿನಲ್ಲಿ ಇದನ್ನು ಟಿವಿಗೂ ಚಪ್ಪಲಿ ಸ್ಟ್ಯಾಂಡಿಗೂ ನಡುವೆ ಇಡುತ್ತಾರೆ. ಎರಡಡಿ ಉದ್ದ, ಮೇಲೊಂದು ನೀಲಿ ದೀಪ.

ಕೋವಿಡ್ ಕಳೆದ ಮೇಲಿನ ಎರಡನೆಯ ಮಳೆಗಾಲವದು. ಮೀನುಗಾರಿಕೆ ಇಲಾಖೆಯಲ್ಲಿ ಮೀನಿನ ರೋಗಗಳನ್ನು ನೋಡಿಕೊಂಡಿದ್ದ ನಾನು ನಿವೃತ್ತನಾಗಿ, ಮನೆಮನೆಯ ಅಕ್ವೇರಿಯಂಗಳ ವೈದ್ಯನಾಗಿದ್ದೆ. ಕೆರೆಯ ಮೀನು ಸತ್ತರೆ ಊರಿನವರು ತಮಗಿಂತ ಮೇಲಿನವರನ್ನು ಬಯ್ಯುತ್ತಾರೆ, ಮನೆಯ ಮೀನು ಸತ್ತರೆ ಕೆಳಗಿನವರನ್ನು ಬಯ್ಯುತ್ತಾರೆ. ಈ ಎರಡನೆಯದು ನನಗೆ ನಿವೃತ್ತಿಯ ನಂತರವೇ ಗೊತ್ತಾಗಿದ್ದು.

ಶ್ರೀರಾಂಪುರದ ಹೊಸ ಬಡಾವಣೆಯೊಂದರಿಂದ ರಾಜಶೇಖರ್ ಎಂಬವರು ಫೋನ್ ಮಾಡಿದರು. ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿ. ಅಪಘಾತವಾದಾಗ ಕಾರಣ ಹುಡುಕುವುದೇ ಅವರ ನೌಕರಿ. ಸಂಕ್ರಾಂತಿಯ ಹೊತ್ತಿಗೆ ಉಪ್ಪುನೀರಿನ ಮೀನಿನ ತೊಟ್ಟಿ ಇಟ್ಟಿದ್ದರು, ಜೂನ್‌ವರೆಗೆ ಎಲ್ಲವೂ ಸುಖವಾಗಿತ್ತು. ಆಮೇಲೆ ಮೊದಲು ಸಿಗಡಿ ಸತ್ತಿತು. ಅದರ ಹಿಂದೆ ನೀಲಿ ಡ್ಯಾಮ್‌ಸೆಲ್ ಮೀನುಗಳು ನಾಲ್ಕೈದು ದಿನಕ್ಕೊಂದರಂತೆ ಹೋದವು. ಶನಿವಾರ ಬೆಳಗ್ಗೆ ನಾನು ಹೋದಾಗ ಎರಡು ಕ್ಲೌನ್ ಮೀನುಗಳು ಮಾತ್ರ ಉಳಿದು, ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಆಗಾಗ ಮೈ ಅದುರುತ್ತಿತ್ತು.

"ಕಾರಣ ಗೊತ್ತಾಗಿದೆ ಸಾರ್. ನಿಮ್ಮಿಂದ ಒಂದು ಪ್ರೂಫ್ ಬೇಕಿತ್ತು ಅಷ್ಟೆ" ಎಂದರು ರಾಜಶೇಖರ್.

"ಕಾರಣ ಗೊತ್ತಿದ್ರೆ ನನ್ನನ್ನ ಯಾಕೆ ಕರೆಸಿದ್ರಿ?"

"ಕೆಲಸದವಳು ಫಿನಾಯಿಲ್ ಹಾಕಿದಾಳೆ. ಬುಡಿಸ್ಬುಟ್ಟಿದೀನಿ. ನೀರಲ್ಲಿ ಫಿನಾಯಿಲ್ ಇದೆ ಅಂತ ನೀವೊಂದು ಮಾತು ಹೇಳಿದ್ರೆ ಮುಗೀತು. ನಮ್ಮ ಫ್ಯಾಕ್ಟರಿಲಿ ಎಷ್ಟು ಇನ್ಸಿಡೆಂಟ್ ನೋಡಿಲ್ಲ? ಎಲ್ಲಾ ಹ್ಯೂಮನ್ ಎರರ್ರೇ."

ಅದು ನಿಜವೇ. ಯಾವ ಹ್ಯೂಮನ್ ಎಂಬುದಷ್ಟೇ ಇತ್ಯರ್ಥವಾಗಬೇಕಿತ್ತು.

ಈ ಫಿನಾಯಿಲ್ ಸಿದ್ಧಾಂತದ ಮೂಲ ಮೀನು ಮಾರಿದ ಅಂಗಡಿ. ಸತ್ತ ಮೀನಿಗೆ ಬದಲಿ ಕೇಳಿದಾಗ ಅಂಗಡಿಯವನು ನೀರನ್ನಾಗಲಿ ಮೀನನ್ನಾಗಲಿ ನೋಡದೆ, "ಕೆಲಸದೋರು ಏನಾದ್ರೂ ಹಾಕಿರ್ತಾರೆ, ಅವ್ರನ್ನ ವಿಚಾರಿಸಿ" ಎಂದು ಫೋನಿನಲ್ಲೇ ತೀರ್ಪು ಕೊಟ್ಟಿದ್ದ. ನಾಲ್ಕು ವರ್ಷದಿಂದ ಆ ಮನೆಯ ನೆಲ ಒರೆಸುತ್ತಿದ್ದ ನಾಗರತ್ನಮ್ಮ ಅಂದೇ ಅಪರಾಧಿಯಾದರು. ರಾಜಶೇಖರ್ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಅವರ ಹೆಸರು ಹಾಕಿ, ಎಲ್ಲರೂ ಎಚ್ಚರದಿಂದಿರಬೇಕೆಂದು ಬರೆದರು. ಸುರಕ್ಷತಾ ಅಧಿಕಾರಿಯಲ್ಲವೇ.

ನಾನು ನೀರು ಪರೀಕ್ಷಿಸಿದೆ. ಮೀನಿನ ಮಲಮೂತ್ರದಿಂದ ಹುಟ್ಟುವ ಅಮೋನಿಯಾ ಸೊನ್ನೆ. ಉಪ್ಪಿನಂಶ ಇರಬೇಕಾದಷ್ಟೇ ಇತ್ತು. ಉಷ್ಣಾಂಶ ಇಪ್ಪತ್ತೇಳು ಡಿಗ್ರಿ. ಇನ್ನು ಫಿನಾಯಿಲ್. ಉಪ್ಪುನೀರಿನ ತೊಟ್ಟಿಗೆ ಪ್ರೋಟೀನ್ ಸ್ಕಿಮ್ಮರ್ ಎಂಬ ಉಪಕರಣ ಹಾಕುತ್ತಾರೆ. ಅದು ಹೊರಗಿನ ಗಾಳಿ ಎಳೆದುಕೊಂಡು ನೊರೆ ಎಬ್ಬಿಸಿ, ನೊರೆಯ ಜೊತೆ ಕೊಳೆಯನ್ನು ಮೇಲಿನ ಬಟ್ಟಲಿಗೆ ಏರಿಸುತ್ತದೆ. ಸೋಪಿನ ಜಾತಿಯದು ಏನು ಬಿದ್ದರೂ ನೊರೆ ಉಕ್ಕಿ ನೆಲಕ್ಕೆ ಹರಿಯುತ್ತದೆ. ಫಿನಾಯಿಲ್ ಆ ಜಾತಿಯದೇ.

"ಈ ಬಟ್ಟಲು ಯಾವತ್ತಾದ್ರೂ ಉಕ್ಕಿತ್ತಾ?"

"ಇಲ್ಲ. ದಿನಾ ನಾನೇ ನೋಡ್ತೀನಲ್ಲ."

"ಹಾಗಾದ್ರೆ ಫಿನಾಯಿಲ್ ಬಿದ್ದಿಲ್ಲ. ಬಿದ್ದಿದ್ರೆ ಮೀನುಗಳು ಸರದಿ ಪ್ರಕಾರ ಸಾಯ್ತಿರಲಿಲ್ಲ, ಒಟ್ಟಿಗೇ ಹೋಗ್ತಿದ್ವು."

"ಸ್ವಲ್ಪ ಸ್ವಲ್ಪ ಹಾಕಿರ್ತಾಳೆ ಸಾರ್" ಎಂದರು.

ಅದು ನನ್ನ ಸಿಟ್ಟಿಗೆ ಪೀಠಿಕೆಯಾಯಿತು. ಮುಖ್ಯ ಭಾಗ ರಸ್ತೆಯ ತಿರುವಿನಲ್ಲಿ ಕಾದಿತ್ತು. ನಾನು ಸ್ಕೂಟರ್ ಹತ್ತುವಾಗ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಅಡ್ಡ ಬಂದರು.

"ನೀವೇನಾ ಸಾರ್, ಮೀನಿನ ಡಾಕ್ಟ್ರು?"

"ಹೌದಮ್ಮ."

"ನಾನೇ ಮೀನ್ ಕೊಂದೋಳು. ನಾಗರತ್ನ."

ಅವರು ಸೆರಗು ಸಿಕ್ಕಿಸಿಕೊಂಡು ಮುಂದುವರಿಸಿದರು. "ನಮ್ಗೆ ಮೀನು ಅಂದ್ರೆ ತಿನ್ನೋ ಪದಾರ್ಥ ಕಣ್ರೀ. ಕೊಲ್ಲೋದಾಗಿದ್ರೆ ಹುರ್ಕಂಡ್ ತಿಂದ್ಬುಡ್ತಿದ್ದೆ. ಫಿನಾಯಿಲ್ ಹಾಕಿ ಹಾಳ್ಮಾಡ್ತಾರಾ ಯಾರಾದ್ರೂ?"

"ನೀವು ಹಾಕಿಲ್ಲ ಅಂತ ನನಗೆ ಗೊತ್ತಾಗಿದೆ."

"ನಿಮ್ಗೆ ಗೊತ್ತಾದ್ರೆ ಎಂಗಾಯ್ತದೆ? ಅವ್ರಿಗ್ ಹೇಳಿ. ಈ ಮನೆ ಸೇರಿ ಇದೇ ಬಡಾವಣೇಲಿ ನಾಕ್ ಮನೆ ಮಾಡ್ತಿದ್ದೆ. ನಾಕೂ ಹೋಯ್ತು. ಆ ಮೂಲೆ ಮನೇಲಿ ಎಳೆ ಮಗು ಅದೆ. ಬಾಣಂತನದಿಂದ ಎಣ್ಣೆ ನೀರು ಹಾಕ್ದೋಳು ನಾನು. ನಾಳೆ ಮಗೀನ್ ಹಾಲಿಗೂ ಏನಾದ್ರೂ ಹಾಕ್ಬುಟ್ರೆ ಅಂದ್ರಂತೆ."

ಕೊನೆಯ ಮಾತು ಹೇಳುವಾಗ ಅವರ ದನಿ ಏರಲಿಲ್ಲ, ಇಳಿಯಲೂ ಇಲ್ಲ.

ಇಲಾಖೆಯಲ್ಲಿ ನಾನು ಕಲಿತದ್ದು ಒಂದೇ ಪದ್ಧತಿ: ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ನೀರಿನ ದಡದಲ್ಲಿ ಒಂದು ಹಗಲು ಕೂರುವುದು. ಮರುದಿನ ಭಾನುವಾರ. ರಾಜಶೇಖರ್ ಅವರ ಹಾಲಿನ ಸೋಫಾವೇ ದಡ. ಬೆಳಗ್ಗೆ ಹೋಗಿ ಕೂತಾಗ ಮೀನುಗಳು ಹಿಂದಿನ ದಿನದಂತೆಯೇ ನೀರಿನ ಮೇಲೆ ಬಾಯಿ ತೆರೆಯುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಕ್ಲೌನ್ ಮೀನುಗಳು ಕೆಳಗಿಳಿದು ತಕ್ಕಮಟ್ಟಿಗೆ ಈಜಾಡಿದವು, ಕಾಳು ತಿಂದವು. ಅಂದರೆ ಬೆಳಗ್ಗೆ ಇದ್ದ ಸಂಕಟ ಹಗಲಿನಲ್ಲಿ ಕಳೆಯುತ್ತಿತ್ತು. ನೆಲ ಒರೆಸುವುದು ಹಗಲಿನ ಕೆಲಸ. ಮೀನಿಗೆ ಬರುತ್ತಿದ್ದ ಕೇಡು ಹಗಲಿನದಲ್ಲ.

ಸಂಜೆಯಾಯಿತು. ರಾಜಶೇಖರ್ ಅವರ ಪತ್ನಿ ಸುಮಿತ್ರಾ ಹಿತ್ತಿಲ ಬಾಗಿಲಿನ ಅಗುಳಿ ಹಾಕಿ, ದೇವರ ಮುಂದೆ ದೀಪ ಹಚ್ಚಿ, ಮುಂಬಾಗಿಲನ್ನು ಹಾರು ಹೊಡೆದು ತೆರೆದಿಟ್ಟರು. ದೀಪ ಹಚ್ಚುವ ಹೊತ್ತಿಗೆ ಮಹಾಲಕ್ಷ್ಮಿ ಮುಂದಿನಿಂದ ಬರಬೇಕು, ಬಂದವಳು ಹಿಂದಿನಿಂದ ಹೋಗಬಾರದು. ನಮ್ಮ ಮನೆಯಲ್ಲೂ ಇದೇ ಕ್ರಮ, ದೂರುತ್ತಿಲ್ಲ. ಆದರೆ ಮಳೆಗಾಲದ ಮುಸ್ಸಂಜೆಯಲ್ಲಿ ಆ ಬಾಗಿಲಿನಿಂದ ಸೊಳ್ಳೆಯೂ ಬರುತ್ತದೆ, ಲಕ್ಷ್ಮಿಗಿಂತ ನಿಯತ್ತಾಗಿ ಬರುತ್ತದೆ.

"ಎಷ್ಟು ಸೊಳ್ಳೆ ನೋಡಿ ಸಾರ್" ಎನ್ನುತ್ತ ರಾಜಶೇಖರ್ ಎದ್ದರು. ತೊಟ್ಟಿಯ ಹಿಂದೆ ಬಗ್ಗಿ ಒಂದು ಸ್ವಿಚ್ ಒತ್ತಿದರು. ನಾನೂ ಎದ್ದು ಬಗ್ಗಿ ನೋಡಿದೆ. ತೊಟ್ಟಿಯ ದೀಪ, ಸ್ಕಿಮ್ಮರ್, ನೀರಿಗೆ ಗಾಳಿ ಊದುವ ಏರ್ ಪಂಪ್ ಇವೆಲ್ಲದರ ಪ್ಲಗ್ಗುಗಳಿದ್ದ ಒಂದೇ ಬೋರ್ಡಿನಲ್ಲಿ, ಪಂಪಿಗೆ ಒಂದು ಗೇಣು ದೂರದಲ್ಲಿ, ಸೊಳ್ಳೆ ಓಡಿಸುವ ಲಿಕ್ವಿಡ್ ಮಿಷನ್ ಕೆಂಪು ದೀಪ ಉರಿಸಿಕೊಂಡು ಆವಿ ಬಿಡುತ್ತಿತ್ತು. ಆವಿಯ ಮಟ್ಟವನ್ನು 'ಹೈ'ಗೆ ಇಟ್ಟಿದ್ದರು.

"ಇದು ಯಾವಾಗಿಂದ?"

"ಜೂನ್‌ನಿಂದ. ಮುಂಚೆ ಬೆಡ್‌ರೂಮಲ್ಲಿ ಮಾತ್ರ ಇತ್ತು. ಹಾಲಿಗೂ ಒಂದು ತಂದೆ. ವೈರು ಅಲ್ಲಿ ಇಲ್ಲಿ ಕಾಣಬಾರ್ದು ಅಂತ ಎಲ್ಲಾ ಒಂದೇ ಕಡೆ."

"ಆರಿಸೋದು?"

"ಬೆಳಗ್ಗೆ. ದೀಪ ಆದ್ಮೇಲೆ ಬಾಗ್ಲು ಕಿಟಕಿ ಎಲ್ಲಾ ಹಾಕ್ಬುಡ್ತೀವಲ್ಲ."

ಸೊಳ್ಳೆಯ ನರಗಳನ್ನು ಕೆಡಿಸುವ ಆ ಔಷಧಿ ಮನುಷ್ಯನಿಗೆ ಅಷ್ಟಾಗಿ ತಾಗದು. ಸಿಗಡಿಗೂ ಮೀನಿಗೂ ಕಣದಷ್ಟು ಸಾಕು, ಅದರಲ್ಲೂ ಸಿಗಡಿಗೆ ಮೊದಲು. ಮುಚ್ಚಿದ ಹಾಲಿನ ಗಾಳಿಯನ್ನು ಪಂಪು ಮತ್ತು ಸ್ಕಿಮ್ಮರ್ ಎರಡೂ ಎಳೆದೆಳೆದು ನೀರಿಗೆ ಬೆರೆಸುತ್ತಿದ್ದವು. ಈ ಮಹಾನುಭಾವರು ಪ್ರತಿ ಸಂಜೆ ತಮ್ಮ ಕೈಯಾರೆ ಸ್ವಿಚ್ ಒತ್ತಿ ಮೀನುಗಳಿಗೆ ವಿಷ ಊದಿಸಿ, ಬೆಳಗ್ಗೆ ಎದ್ದು ಕೆಲಸದವರ ಬಕೆಟ್ ಮೂಸಿ ನೋಡುತ್ತಿದ್ದರು.

ಮಿಷನ್ ಕಿತ್ತು ಅವರ ಕೈಗೆ ಕೊಟ್ಟೆ. ವಿವರಿಸಿ ಹೇಳಿದೆ. ಕೇಳಿ ಅವರ ಮುಖ ಬಿಳಿಚಿಕೊಂಡಿತು, ಆಮೇಲೆ ಹಗುರವಾಯಿತು. ಆ ಹಗುರವೇ ನನ್ನನ್ನು ಕೆರಳಿಸಿದ್ದು.

"ಅಯ್ಯೋ, ಇಷ್ಟೇನಾ ಸಾರ್. ಟೆಕ್ನಿಕಲ್ ಪ್ರಾಬ್ಲಮ್ಮು."

"ನಿನ್ನೆವರೆಗೆ ಹ್ಯೂಮನ್ ಎರರ್ ಅಂದ್ರಿ. ಇವತ್ತು ಹ್ಯೂಮನ್ ನೀವು ಅಂತ ಗೊತ್ತಾದ ಕೂಡಲೆ ಟೆಕ್ನಿಕಲ್ ಆಯ್ತಾ?"

ಅವರು ನಕ್ಕರು. ನಾನು ನಗಲಿಲ್ಲ. ನೀರು ಬದಲಿಸುವ ಕ್ರಮ, ವಿಷ ಹೀರುವ ಇದ್ದಿಲು ಹಾಕುವ ಕ್ರಮ ಹೇಳಿಕೊಟ್ಟು, "ಮೀನಿಗೆ ಇಷ್ಟು ಮದ್ದು. ಇನ್ನು ನಾಗರತ್ನಮ್ಮನ ವಿಷಯ. ಗುಂಪಿನಲ್ಲಿ ಹಾಕಿದ್ದೀರಲ್ಲ, ಅದೇ ಗುಂಪಿನಲ್ಲಿ, ತಪ್ಪು ನನ್ನದು ಅಂತ ಅವರ ಹೆಸರು ಹಾಕಿ ಬರೀರಿ" ಎಂದೆ.

"ಈಗ ಅದೆಲ್ಲ ಯಾಕೆ ಸಾರ್. ಆಗಿದ್ದು ಆಗೋಯ್ತು. ಸುಮ್ನೆ ಕೆದಕಿದಂಗೆ ಆಗುತ್ತೆ."

ಸುಮಿತ್ರಾ ಒಳಗಿನಿಂದಲೇ, "ಬರೀರಿ ಅಂದ್ರೆ. ಆಯಮ್ಮ ನನ್ನ ಮುಖ ನೋಡ್ತಾ ಅತ್ತಿದ್ದು ನಿಮ್ಗೇನು ಗೊತ್ತು" ಎಂದರು. ರಾಜಶೇಖರ್ ನನ್ನ ಕಡೆ ತಿರುಗಿ, "ಬರೀತೀನಿ ಬಿಡಿ" ಎಂದರು.

ಬರೆದದ್ದು ನಿಜ. ಸುಮಿತ್ರಾ ಅವರೇ ಅದನ್ನು ನನಗೆ ಕಳಿಸಿಕೊಟ್ಟರು, ಬಹುಶಃ ನಾಚಿಕೆಯಿಂದ. ಅಕ್ವೇರಿಯಂ ಸಮಸ್ಯೆ ಬಗೆಹರಿದಿದೆ, ತಾಂತ್ರಿಕ ಕಾರಣವೆಂದು ತಿಳಿದುಬಂದಿದೆ, ಕಾಳಜಿ ತೋರಿದ ಎಲ್ಲರಿಗೂ ಧನ್ಯವಾದ. ಅಷ್ಟೇ. ಕೆಳಗೆ ಹೆಬ್ಬೆರಳುಗಳ ಸಾಲು, ಒಂದು ಕೈಮುಗಿದ ಚಿತ್ರ, ಸತ್ತ ಮೀನುಗಳ ಆತ್ಮಕ್ಕೆ ಶಾಂತಿ ಕೋರಿದ ಒಬ್ಬ ಸಹೃದಯರು. ನಾನು ರಾಜಶೇಖರ್‌ಗೆ ಫೋನ್ ಮಾಡಿ, ನಾಗರತ್ನಮ್ಮನ ಹೆಸರು ಎಲ್ಲಿ ಎಂದು ಕೇಳಿದೆ. ಮೀಟಿಂಗಿನಲ್ಲಿದ್ದರು. ಆಮೇಲೂ ಮೀಟಿಂಗಿನಲ್ಲೇ ಇದ್ದರು. ಮೂಲೆ ಮನೆಗೆ ನಾನೇ ಹೋಗಿ ನಡೆದದ್ದು ಹೇಳಿದೆ. "ಇರಬಹುದು ಸಾರ್, ಆದ್ರೂ ಮಗು ಇರೋ ಮನೆ" ಎಂದು ಗೇಟಿನಲ್ಲೇ ನಿಲ್ಲಿಸಿ ಕಳಿಸಿದರು.

ಈ ಪ್ರಕರಣ ನನ್ನ ಕೆಲಸದ ಕ್ರಮವನ್ನು ಬದಲಿಸಿತು. ಈಗ ಯಾರ ಮನೆಗೆ ಹೋದರೂ ಚೀಲ ಬಿಚ್ಚುವ ಮೊದಲು, ಇಲ್ಲಿ ಯಾರ ಮೇಲೆ ಅನುಮಾನವಿದೆ ಎಂದು ಕೇಳುತ್ತೇನೆ. ಯಾರ ಮೇಲೋ ಬೆರಳು ತೋರಿಸಿದ ಮನೆಯವರು ಅಲ್ಲಿಗೆ ಹುಡುಕುವುದನ್ನು ನಿಲ್ಲಿಸಿರುತ್ತಾರೆ. ಅವರು ಎಲ್ಲಿ ನಿಲ್ಲಿಸಿದರೋ ಅಲ್ಲಿಂದ ನನ್ನ ಕೆಲಸ ಶುರು.

ಎರಡು ಕ್ಲೌನ್ ಮೀನುಗಳು ಬದುಕಿಕೊಂಡವು. ನಾಗರತ್ನಮ್ಮನನ್ನು ನಾಲ್ಕು ಮನೆಯವರಲ್ಲಿ ಒಬ್ಬರೂ ವಾಪಸ್ ಕರೆಯಲಿಲ್ಲ.