ಎನ್ಸ್‌ಕೆಡೆಯ ಮೈದಾನದಲ್ಲಿ ಪಿ.ಡಿ. ಸರ್

ಫುಟ್‌ಬಾಲ್ ನಡೆಯುವಾಗ ನಮ್ಮವರು ಚೆಂಡನ್ನು ನೋಡುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಮಂಗಳೂರಿನ ಮೈದಾನಕ್ಕೆ ನನ್ನನ್ನು ಒಂದು ಮ್ಯಾಚಿಗೆ ಕರೆದುಕೊಂಡು ಹೋಗಿದ್ದರು. ಸುತ್ತ ಕೂತವರ ತಲೆಯೆಲ್ಲ ಚೆಂಡಿನ ಜೊತೆ ಅತ್ತಿಂದಿತ್ತ ಹೊರಳುತ್ತಿತ್ತು. ಗೆರೆಯ ಪಕ್ಕ ನಿಂತ ಇವರ ತಲೆ ಮಾತ್ರ ಯಾರೂ ಇಲ್ಲದ ಮೂಲೆಯ ಕಡೆಗೆ ತಿರುಗಿತ್ತು. ಇವರಿಗೆ ಆಟದಲ್ಲಿ ಮನಸ್ಸಿಲ್ಲವೇನೋ ಎಂದುಕೊಂಡೆ. ಮನೆಗೆ ಬರುವಾಗ ಕೇಳಿದ್ದಕ್ಕೆ, "ಬಾಲ್ ನೋಡ್ಲಿಕ್ಕೆ ಊರಿಡೀ ಉಂಟಲ್ಲ ಮಾರಾಯ್ತಿ. ಅದು ಇನ್ನು ಎಲ್ಲಿಗೆ ಹೋಗ್ತದೆ ಅಂತ ನೋಡ್ಲಿಕ್ಕೆ ಒಬ್ಬ ಬೇಕಲ್ವಾ?" ಎಂದರು.

ಮೂವತ್ತೊಂದು ವರ್ಷ ಒಂದೇ ಕಾಲೇಜಿನಲ್ಲಿ ಫಿಸಿಕಲ್ ಡೈರೆಕ್ಟರ್ ಆಗಿದ್ದರು. ಹುಡುಗರಿಗೆ ಪಿ.ಡಿ. ಸರ್. ಎಲ್ಲ ಆಟಗಳೂ ಅವರ ಕೆಲಸಕ್ಕೆ ಸೇರಿದ್ದರೂ ಜೀವ ಇದ್ದದ್ದು ಫುಟ್‌ಬಾಲ್ ತಂಡದಲ್ಲಿ. ಅದರಲ್ಲಿ ಅರ್ಧಕ್ಕರ್ಧ ಹುಡುಗರು ಹೊಳೆಯಾಚೆಯ ಬೆಂಗ್ರೆಯವರು, ಮೀನುಗಾರರ ಮನೆಯವರು. ಬೋಟು ದಡಕ್ಕೆ ಬಂದ ದಿನ ಅವರು ಪ್ರಾಕ್ಟೀಸಿಗೆ ಸಿಗುತ್ತಿರಲಿಲ್ಲ. ಇವರು ಬೈಯಲಿಲ್ಲ. ಬೆಳಿಗ್ಗೆ ಮೊದಲ ದೋಣಿ ಹತ್ತಿ ಹೊಳೆ ದಾಟಿ, ಬೋಟು ಯಾವಾಗ ಬರುತ್ತದೆಂದು ಕೇಳಿಕೊಂಡು ಬಂದು, ಆ ದಿನದ ಪ್ರಾಕ್ಟೀಸಿನ ಹೊತ್ತನ್ನು ನೋಟಿಸ್ ಬೋರ್ಡಿನಲ್ಲಿ ಬರೆಯುತ್ತಿದ್ದರು. ದಿನಕ್ಕೊಂದು ಹೊತ್ತು. ಪ್ರಿನ್ಸಿಪಾಲರು ಕರೆಸಿ, "ಇದು ಯಾರ ಟೈಮ್‌ಟೇಬಲ್ ರೀ?" ಎಂದು ಕೇಳಿದಾಗ, "ಸಮುದ್ರದ್ದು ಸರ್" ಎಂದರಂತೆ. ಆ ವರ್ಷ ತಂಡ ವಿಶ್ವವಿದ್ಯಾಲಯದ ಕಪ್ ತಂದಿತು. ಮೆರವಣಿಗೆಯಲ್ಲಿ ಪ್ರಿನ್ಸಿಪಾಲರು ಜೀಪಿನಲ್ಲಿ ನಿಂತಿದ್ದರು. ನಮ್ಮವರು ಹಿಂದಿನಿಂದ ಬೂಟುಗಳ ಚೀಲ ಹೊತ್ತು ನಡೆದು ಬಂದರು.

ನಿವೃತ್ತಿಯಾದ ಮೇಲೆ ಅವರಿಗೆ ಹೊತ್ತು ಹೋಗಲಿಲ್ಲ. ಕಾಲೇಜಿನ ಗೇಟಿನ ಮುಂದೆ ಹಾದುಹೋದರೂ ಒಳಗೆ ಕಾಲಿಡುತ್ತಿರಲಿಲ್ಲ. "ನಾನು ಹೋದ್ರೆ ಹೊಸ ಪಿ.ಡಿ.ಗೆ ಕಿರಿಕಿರಿ" ಎನ್ನುತ್ತಿದ್ದರು. ಎರಡು ವರ್ಷ ಸಿಟೌಟಿನಲ್ಲಿ ಕೂತು ಒಂದೇ ಪೇಪರನ್ನು ಮಧ್ಯಾಹ್ನದವರೆಗೆ ಓದಿದರು. ಮಾತು ಕಡಿಮೆಯಾಯಿತು, ಊಟವೂ. ಆ ಎರಡು ವರ್ಷ ಅವರನ್ನು ಹತ್ತಿರದಿಂದ ನೋಡಿದವಳು ನಾನೊಬ್ಬಳೇ.

ಮಗಳು ಶ್ವೇತಾಳ ಬಾಣಂತನಕ್ಕೆಂದು ನಾವಿಬ್ಬರೂ ಡಚ್ಚರ ದೇಶದ ಎನ್ಸ್‌ಕೆಡೆಗೆ ಬಂದದ್ದು ಫೆಬ್ರವರಿಯಲ್ಲಿ. ಮಾರ್ಚಿನಲ್ಲಿ ಕೊರೊನಾದಿಂದ ಎಲ್ಲ ಮುಚ್ಚಿತು, ಊರಿಗೆ ವಿಮಾನವೂ ನಿಂತಿತು. ಮಗು ತೊಟ್ಟಿಲಲ್ಲಿ, ಅಳಿಯನ ಆಫೀಸು ಊಟದ ಮೇಜಿನ ಮೇಲೆ, ನಮ್ಮವರು ಕಿಟಕಿಯಲ್ಲಿ. ಬೇಸಿಗೆಯಲ್ಲಿ ನಿಯಮ ಸ್ವಲ್ಪ ಸಡಿಲವಾದಾಗ ಮನೆಯ ಹಿಂದಿನ ಮೈದಾನಕ್ಕೆ ಅಲ್ಲಿನ ಕಾಲೇಜು ಹುಡುಗರು ಆಡಲು ಬರತೊಡಗಿದರು. ಅವರ ಕೋಚ್ ಗಡಿಯಾಚೆಯ ಜರ್ಮನ್ ಊರಿನವರು, ಬರುವುದನ್ನು ನಿಲ್ಲಿಸಿದ್ದರು. ಮೂರು ದಿನ ಇವರು ಬೇಲಿಯ ಹೊರಗೆ ನಿಂತು ನೋಡಿದರು. ಮಗುವಿನ ಗಾಡಿ ಹಿಡಿದು ನಾನೂ ಪಕ್ಕದಲ್ಲಿರುತ್ತಿದ್ದೆ.

ನಾಲ್ಕನೆಯ ದಿನ ಇವರಿಗೆ ತಡೆಯಲಾಗಲಿಲ್ಲ. ಯೋಸ್ಟ್ ಎಂಬ ಎತ್ತರದ ಡಚ್ ಹುಡುಗ ಡಿಫೆನ್ಸಿನವನು, ತನ್ನ ಜಾಗ ಬಿಟ್ಟು ಬಹಳ ಮುಂದೆ ಹೋಗಿದ್ದ. ಇವರು "ಬಲ, ಬಲ" ಎಂದು ಕೂಗಿದರು. ನಮ್ಮ ತುಳುವಿನಲ್ಲಿ ಬಲ ಎಂದರೆ ಬಾ. ಹುಡುಗ ಬರಲಿಲ್ಲ, ಚೆಂಡನ್ನು ಇವರ ಕಡೆಗೆ ಒದ್ದ. ಇವರು ಅದನ್ನು ವಾಪಸು ಒದ್ದು ಮತ್ತೆ ಬಲ ಎಂದರು. ಮತ್ತೆ ಚೆಂಡು ಬಂತು. ಮೂರನೆಯ ಸಲ ಇವರ ಹೊಟ್ಟೆಗೇ ಬಡಿಯಿತು.

"ಎಂತ ಇವ, ಬಾ ಅಂದ್ರೆ ಬಾಲ್ ಕಳಿಸ್ತಾನೆ?" ಎಂದು ನನ್ನ ಕಡೆ ತಿರುಗಿದರು.

ತಂಡದಲ್ಲಿದ್ದ ಮೈಸೂರಿನ ನಿಖಿಲ್ ಕನ್ನಡ ಕೇಳಿ ಓಡಿ ಬಂದ. ನಗು ತಡೆಯಲಾಗದೆ, "ಸರ್, ಡಚ್‌ನಲ್ಲಿ ಬಾಲ್‌ಗೇ ಬಲ್ ಅಂತಾರೆ. ನೀವು ಬಾಲ್ ಕೇಳ್ತಿದೀರ ಅನ್ಕೊಂಡಿದಾನೆ" ಎಂದ.

ಇವರು ಹೊಟ್ಟೆ ಸವರಿಕೊಂಡರು. "ಹಾಗಾದ್ರೆ ಎರಡೂ ಇರ್ಲಿ. ಬಲ ಅಂದ್ರೆ ಬಾಲ್ ಹಿಂದೆ ಕೊಡ್ಬೇಕು, ಕೊಟ್ಟವ ಕೂಡ್ಲೇ ಅದ್ರ ಜೊತೆ ಹಿಂದೆ ಬರ್ಬೇಕು. ಹೇಳು ಅವನಿಗೆ."

ಅಂದಿನಿಂದ ಅದು ತಂಡದ ಪಾಠವಾಯಿತು, ಇವರು ತಂಡದ ಕೋಚ್ ಆದರು. ಆ ದಿನ ಊಟಕ್ಕೆ ಕೂತಾಗ ಎರಡು ಸಲ ಅನ್ನ ಹಾಕಿಸಿಕೊಂಡರು.

ಸೆಪ್ಟೆಂಬರ್ ಕೊನೆಗೆ ಬೆಂಗಳೂರಿಗೆ ಹೋಗುವ ವಿಶೇಷ ವಿಮಾನದಲ್ಲಿ ನಮ್ಮಿಬ್ಬರಿಗೂ ಸೀಟು ಸಿಕ್ಕಿತು. ಮುಂದಿನ ವಿಮಾನ ಯಾವಾಗೆಂದು ಯಾರಿಗೂ ಗೊತ್ತಿರಲಿಲ್ಲ. ಹುಡುಗರ ಮೊದಲ ಮ್ಯಾಚು ಇದ್ದದ್ದು ಅಕ್ಟೋಬರ್ ನಡುವಿನ ಶನಿವಾರ. ಶ್ವೇತಾ, "ಪಪ್ಪ, ನಿಮ್ಗೆ ಬಿಪಿ ಉಂಟು. ಇಲ್ಲಿಯ ಚಳಿ ಬೇಡ, ಹೋಗಿ" ಎಂದಳು.

ಇವರು ನನ್ನ ಮುಖ ನೋಡಿದರು. "ನೀನು ಹೇಳು. ನೀನು ಹೇಳಿದ ಹಾಗೆ."

ಮದುವೆಯಾದಂದಿನಿಂದ ನನ್ನನ್ನು ಹಾಗೆ ಕೇಳಿದ್ದೇ ಇರಲಿಲ್ಲ. "ಮ್ಯಾಚು ಮುಗಿಸಿ ಹೋಗುವ" ಎಂದೆ. ಸೀಟು ಬಿಟ್ಟುಕೊಟ್ಟೆವು.

ಮ್ಯಾಚಿಗೆ ನಾಲ್ಕು ದಿನ ಇರುವಾಗ ಟಿವಿಯಲ್ಲಿ ಹೇಳಿದರು: ಪಂದ್ಯಗಳೆಲ್ಲ ನಿಲ್ಲಬೇಕು. ಹೊರಗೆ ನಾಲ್ಕೇ ಜನ, ಒಂದೂವರೆ ಮೀಟರ್ ಅಂತರದಲ್ಲಿ ಅಭ್ಯಾಸ ಮಾಡಬಹುದು. ಇವರು ಚಾ ಕುಡಿದು ಮುಗಿಸಿ, "ಡಿಫೆನ್ಸಿಗೆ ನಾಲ್ಕೇ ಜನ ಅಲ್ವಾ?" ಎಂದರು.

ಬಟ್ಟೆ ಒಣಗಿಸಲು ನಾನು ತಂದಿದ್ದ ಹಗ್ಗಕ್ಕೆ ಒಂದೂವರೆ ಮೀಟರಿಗೊಂದರಂತೆ ಗಂಟು ಹಾಕಿದರು. ಒಂದೊಂದು ಗಂಟನ್ನು ಒಬ್ಬೊಬ್ಬ ಹಿಡಿಯಬೇಕು. ಹಗ್ಗ ಜೋಲು ಬೀಳದಂತೆ ನಾಲ್ವರೂ ಒಟ್ಟಿಗೆ ಹಿಂದಕ್ಕೂ ಮುಂದಕ್ಕೂ ಓಡಬೇಕು. ನಾಲ್ವರ ಸರದಿ ಮುಗಿದರೆ ಮತ್ತೆ ನಾಲ್ವರು. ಒಂದು ದಿನ ನಗರಸಭೆಯವನೊಬ್ಬ ಸೈಕಲ್ ನಿಲ್ಲಿಸಿ, "ಅಂದರ್‌ಹಾಲ್ವ ಮೇಟರ್?" ಎಂದು ಗದರಿಸಿದ. ಒಂದೂವರೆ ಮೀಟರ್ ಎನ್ನುವಷ್ಟು ಡಚ್ಚು ಇವರಿಗೆ ಆಗಲೇ ಬಂದಿತ್ತು. ಜೇಬಿನಿಂದ ಟೇಪು ತೆಗೆದು ಅವನ ಕೈಗೇ ಕೊಟ್ಟರು. ಅವನು ಗಂಟಿನಿಂದ ಗಂಟಿಗೆ ಅಳೆದ. ಆಮೇಲೆ ಸೈಕಲ್ಲಿಗೆ ಒರಗಿ ಪ್ರಾಕ್ಟೀಸ್ ಮುಗಿಯುವವರೆಗೂ ನೋಡಿದ.

"ಮ್ಯಾಚೇ ಇಲ್ಲದ ಮೇಲೆ ಇದೆಲ್ಲ ಎಂತಕ್ಕೆ?" ಎಂದು ಒಮ್ಮೆ ಕೇಳಿದೆ.

"ಮ್ಯಾಚು ಅವರು ಆಡ್ತಾರೆ. ನನ್ನ ಕೆಲಸ ಅದಕ್ಕೆ ಮೊದಲೇ ಮುಗೀತದೆ" ಎಂದರು.

ಮರುವರ್ಷದ ಫೆಬ್ರವರಿಯಲ್ಲಿ ದೊಡ್ಡ ಹಿಮ ಬಿತ್ತು. ಎದೆನೋವೆಂದು ಇವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಕೊರೊನಾ ಅಲ್ಲ, ಹೃದಯ. ಒಬ್ಬರನ್ನು ಮಾತ್ರ ಒಳಗೆ ಬಿಡುತ್ತಿದ್ದರು, ನಾನು ಹೋದೆ. ಮಾಸ್ಕಿನೊಳಗಿಂದ ಕೇಳಿಯೇಬಿಟ್ಟೆ: "ನಾನು ಹೇಳಿದ್ದು ತಪ್ಪಾಯ್ತಾ? ಆವಾಗ್ಲೇ ಊರಿಗೆ ಹೋಗ್ಬೇಕಿತ್ತಾ?"

"ಹೋಗಿ ಎಂತ ಮಾಡುದು? ಊರಲ್ಲಿ ನಾನು ರಿಟೈರ್ ಆದವ. ಇಲ್ಲಿ ನಾಳೆ ಪ್ರಾಕ್ಟೀಸ್ ಉಂಟು." ಸ್ವಲ್ಪ ಉಸಿರು ತೆಗೆದುಕೊಂಡು, "ಹಿಮ ಅಂತ ಮನೇಲಿ ಕೂತ್ಕೊಂಡಾರು ಹುಡುಗರು. ನಾಲ್ಕು ಗಂಟೆಗೆ ಬರ್ಲಿಕ್ಕೆ ಹೇಳು" ಎಂದರು.

ಬೆಳಗಾಗುವಾಗ ತೀರಿಕೊಂಡರು.

ಅಂದು ಸಂಜೆ ನಾಲ್ಕು ಗಂಟೆಗೆ ನಾನು ಶ್ವೇತಾಳ ಜೊತೆ ಮೈದಾನಕ್ಕೆ ಹೋದೆ. ಸುದ್ದಿ ಮುಟ್ಟಿತ್ತು. ಆದರೂ ನಾಲ್ವರು ಬಂದು ದೂರ ದೂರ ನಿಂತಿದ್ದರು. ನಿಖಿಲ್ "ಆಂಟಿ..." ಎನ್ನುತ್ತ ಎರಡು ಹೆಜ್ಜೆ ಮುಂದೆ ಬಂದ. "ನಾಲ್ಕು ಗಂಟೆಗೆ ಬರ್ಲಿಕ್ಕೆ ಸರ್ ಹೇಳಿದ್ರು. ನಿಮ್ಗೆ ಹೇಳ್ಬೇಕಿತ್ತು, ಹೇಳಿದೆ" ಎಂದೆ. ಅವನು ಅದನ್ನು ಯೋಸ್ಟ್‌ಗೆ ಹೇಳಿದ. ಯೋಸ್ಟ್ ತಲೆಯಾಡಿಸಿ, ಹಿಮ ತೆಗೆಯಲು ಸಲಿಕೆ ತರಲು ಹೋದ.

ತಿಂಗಳು ಕಳೆದ ಮೇಲೆ ಮಂಗಳೂರಿನಿಂದ ನಾದಿನಿ ಫೋನು ಮಾಡಿದಳು. ಅದೂ ಇದೂ ಮಾತಾಡಿ ಕೊನೆಗೆ, "ಅತ್ತಿಗೆ, ನೀವು ಅವತ್ತು ಹೊರಡುವ ಅಂದಿದ್ರೆ ಅಣ್ಣ ಇವತ್ತು ಇರ್ತಿದ್ದ" ಎಂದಳು.

"ಇರ್ತಿದ್ರೇನೋ, ನಂಗೆ ಗೊತ್ತಿಲ್ಲ. ನಿಲ್ಲುವ ಅಂದದ್ದು ನಾನೇ. ಇನ್ನೊಮ್ಮೆ ಕೇಳಿದ್ರೂ ಅದನ್ನೇ ಹೇಳ್ತೇನೆ."

ಅವಳು ಮೆತ್ತಗೆ, "ಮತ್ತೆ ನೀವು ಯಾವಾಗ ಬರುದು? ಈಗ ವಿಮಾನ ಉಂಟಂತಲ್ಲ" ಎಂದಳು.

"ಹುಡುಗರ ಮ್ಯಾಚು ಮುಗಿಸಿ ಬರ್ತೇನೆ."

"ಯಾವಾಗ ಮ್ಯಾಚು?"

ಅದು ಇಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ.