ಗಂಜಿ ಹಚ್ಚಿದ ಹಾಳೆಗಳು

ಗಿರಿಮಲ್ಲಪ್ಪ ಬನಹಟ್ಟಿಯ ನೇಕಾರರ ಮನೆಯವನು. ಹಗಲು ಜಮಖಂಡಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ. ಸಂಜೆ ಅಣ್ಣ ಚನಮಲ್ಲಪ್ಪನ ಮಗ್ಗದ ಸದ್ದಿನ ಪಕ್ಕ ಕುಳಿತು ಒಂದೇ ಲೆಕ್ಕ ಮಾಡುತ್ತಿದ್ದ, ಒಂಬತ್ತು ವರ್ಷದಿಂದ.

ಲೆಕ್ಕ ಬಾಹ್ಯಾಕಾಶದ ಕಪ್ಪುಕುಳಿಯದು. ಬೆಳಕನ್ನೂ ಬಿಡದ ಆ ಕುಳಿ ಸಣ್ಣಗೆ ಶಾಖ ಸೂಸುತ್ತ ಕೊನೆಗೆ ತಾನೇ ಇಲ್ಲವಾಗುತ್ತದೆ, ಒಳಗೆ ಬಿದ್ದದ್ದರ ಗುರುತೂ ಅಳಿಯುತ್ತದೆ ಎಂದು ಹೊರದೇಶದ ವಿಜ್ಞಾನಿಗಳು ಹೇಳಿದ್ದರು. ಕ್ವಾಂಟಂ ನಿಯಮ ಇದನ್ನು ಒಪ್ಪುವುದಿಲ್ಲ. ಇಂದಿನ ಸ್ಥಿತಿ ಪೂರ್ತಿ ತಿಳಿದರೆ ನಿನ್ನೆಯದು ತಿರುಗಿ ಸಿಗಲೇಬೇಕು. ಗುರುತು ಆ ಶಾಖದಲ್ಲೇ ಹೊರಬರುತ್ತದೆಂದು ತೋರಿಸಲು ಗಿರಿಮಲ್ಲಪ್ಪ ಹೊರಟಿದ್ದ. ೧೯೮೫ರ ಬೇಸಿಗೆಯಲ್ಲಿ ಮುಂಬೈಯ ಪ್ರಾಧ್ಯಾಪಕರೊಬ್ಬರು ಪೂರ್ತಿ ಲೆಕ್ಕ ಕಳಿಸಲು ಬರೆದರು. ಇದ್ದದ್ದು ಒಂದೇ ಪ್ರತಿ, ಮನೆಯ ಟ್ರಂಕಿನಲ್ಲಿ.

ಟ್ರಂಕು ಖಾಲಿಯಾಗಿತ್ತು.

"ವೈನಿ, ಇದರಾಗಿನ ಹಾಳಿ ಎಲ್ಲ್ಯದಾವ್ರಿ?"

ಅತ್ತಿಗೆ ತಂಗೆವ್ವ ಹೊರಬಂದಳು. "ಒಲಿಗೆ ಹಾಕಿಲ್ಲಪಾ. ಬರದ ಹಾಳಿ ಸುಡಬ್ಯಾಡ್ರಿ ಅಂತ ನೀನ ಹೇಳಿದ್ದಿ. ಮಗ್ಗದ ಕಾರ್ಡಿಗೆ ರಟ್ಟು ಸಾಲಲಿಲ್ಲ. ಈ ಟ್ರಂಕಿನವು ತಗೊಳ್ಳಲೇನು ಅಂತ ಕೇಳಿದೆ, ಹೂಂ ಅಂದಿ."

ಆತನಿಗೆ ನೆನಪಾಯಿತು. ಲೆಕ್ಕದಿಂದ ತಲೆ ಎತ್ತದೆ ಹೂಂ ಎಂದಿದ್ದ.

ಮಗ್ಗದ ಮೇಲೆ, ಸೀರೆಯ ಅಂಚಿನ ಹೂವು ಮೂಡಿಸುವ ತೂತಿನ ಕಾರ್ಡುಗಳ ಸರ ತೂಗುತ್ತಿತ್ತು. ಎಂಟೆಂಟು ಹಾಳೆಗೆ ಗಂಜಿ ಹಚ್ಚಿ, ಒತ್ತಿ, ಒಣಗಿಸಿ ಮಾಡಿದವು. ಮೇಲಿನ ಕಾರ್ಡಿನಲ್ಲಿ ಆತನದೇ ಸಮೀಕರಣ ಅರ್ಧ ಕಾಣುತ್ತಿತ್ತು. ಉಳಿದರ್ಧ ಇದ್ದಲ್ಲಿ ತೂತು.

"ನಿನ್ನ ಹಾಳಿ ಒಮ್ಮೆರ ದುಡದು ತಿನ್ನಾಕತ್ತಾವ ನೋಡಪಾ," ಎಂದು ಚನಮಲ್ಲಪ್ಪ ನಕ್ಕ. ತಮ್ಮನ ಮುಖ ನೋಡಿ ಮಗ್ಗ ನಿಲ್ಲಿಸಿದ. "ಯಾಕಲೇ?"

"ಬಿಡಸಬೇಕು. ಹಾಳಿ ಎಲ್ಲಾ ಇಲ್ಲೇ ಅದಾವ. ತೂತು ಬಿದ್ದಲ್ಲಿ ಲೆಕ್ಕಾ ಹಾಕಿ ತುಂಬಕೋತೀನಿ."

ಚನಮಲ್ಲಪ್ಪ ಸರ ಬಿಚ್ಚಿಕೊಟ್ಟ. ಅಂಚು ನಡುವೆಯೇ ನಿಂತಿತು.

ಅಂಗಳದ ಕೊಪ್ಪರಿಗೆಯಲ್ಲಿ ಗಿರಿಮಲ್ಲಪ್ಪ ಕಾರ್ಡುಗಳನ್ನು ನೆನೆಹಾಕಿದ. ಗಂಜಿ ಸಡಿಲಾಯಿತು. ಹಾಳೆಗಳು ಒಂದೊಂದಾಗಿ, ಹರಿಯದೆ ಬಿಟ್ಟುಕೊಂಡವು. ಆತನ ಕೈ ಹಗುರಾಯಿತು. ಮೊದಲನೆಯದನ್ನು ಬಿಸಿಲಿಗೆ ಹಿಡಿದ. ಬೆಳ್ಳಗಿತ್ತು. ಎರಡನೆಯದೂ ಬೆಳ್ಳಗಿತ್ತು. ನೀರು ಮಾತ್ರ ನೀಲಿಗಟ್ಟುತ್ತಿತ್ತು.

ಶಾಯಿ ಒಂದು ಹನಿಯೂ ಎಲ್ಲೂ ಹೋಗಿರಲಿಲ್ಲ. ಒಂಬತ್ತು ವರ್ಷದ ಬರಹವೆಲ್ಲ ಕೊಪ್ಪರಿಗೆಯಲ್ಲೇ ಇತ್ತು. ಆತನ ಲೆಕ್ಕ ಹೇಳಿದ್ದೂ ಅದನ್ನೇ, ಯಾವುದೂ ಅಳಿಯುವುದಿಲ್ಲ ಎಂದು.

"ನೀರು ಚೆಲ್ಲಲೇನೋ?" ತಂಗೆವ್ವ ಮೆಲ್ಲಗೆ ಕೇಳಿದಳು.

"ಬ್ಯಾಡ್ರಿ."

ಮರುದಿನ ಆತ ಕಾಲೇಜಿಗೆ ಹೋಗಲಿಲ್ಲ, ಅದರ ಮರುದಿನವೂ. ಕೊಪ್ಪರಿಗೆಯ ಮುಂದೆ ಕುಳಿತೇ ಇದ್ದ. ಮೂರನೆಯ ದಿನ ಬಿಸಿಲಿಗೆ ನೀರು ನಾಲ್ಕು ಬೆರಳು ಇಳಿದಿತ್ತು, ನೀಲಿ ಇನ್ನಷ್ಟು ದಟ್ಟವಾಗಿತ್ತು.