ನಲವತ್ತೊಂದು ವೋಟು, ಒಂದೇ ಲ್ಯಾಪ್‌ಟಾಪು

ಸೋಲೂರಿನ ಆಚೆಯ ತಿರುವಿನಲ್ಲಿ ಮಿನಿ ಬಸ್ಸು ಗೇರು ಬದಲಿಸಿ ನರಳಿದ ಸದ್ದು ಕೇಳಿದರೆ ಚೆನ್ನಯ್ಯ ಅಂಗಡಿಯ ಹಲಗೆ ತೆಗೆಯುತ್ತಾನೆ. ಗುಂಡ್ಲುಪೇಟೆಯಿಂದ ಬಂದು ನೀಲಗಿರಿಯ ಈ ಬಡಗರ ಹಟ್ಟಿಯಲ್ಲಿ ನೆಲೆ ನಿಂತು ಮೂವತ್ತು ವರ್ಷ. ಬೀಡಿ, ಬನ್ನು, ಒಂದು ಹಳೆಯ ಲ್ಯಾಪ್‌ಟಾಪು. ಅದರ ತುಂಬ ತನ್ನ ಕಡೆಯವರ ಲಗ್ನಪತ್ರಿಕೆಗೆಂದು ಹಾಕಿಕೊಂಡ ಕನ್ನಡ ಫಾಂಟುಗಳು.

ಬಸ್ಸಿಗೆ ಹಟ್ಟಿಯಲ್ಲಿ ಇನ್ನು ಒಂದೇ ಸ್ಟಾಪು ಎಂದಾದಾಗ, ಅದು ಮೇಲುಕೇರಿಯಲ್ಲೋ ಕೆಳಗೆ ಅಂಗಡಿಯ ಮುಂದೋ ಎಂದು ಕಾಲೇಜಿಗೆ ಹೋಗುವ ಭುವನಾ ಆನ್‌ಲೈನಿನಲ್ಲಿ ವೋಟು ಕೇಳಿದ್ದಳು. ಹೆಸರು ಬೇಡ, ಒಬ್ಬರಿಗೆ ಒಂದು. ಅಂಗಡಿಯ ವ್ಯಾಪಾರದ ಆಸೆಗೆ ಚೆನ್ನಯ್ಯ ಬ್ರೌಸರಿನ ಪ್ರೈವೇಟ್ ವಿಂಡೋ ತೆರೆದು ವೋಟು ಹಾಕಿದ, ಮುಚ್ಚಿದ, ಮತ್ತೆ ತೆರೆದ. ಮುಚ್ಚಿದಾಗಲೆಲ್ಲ ತಾನು ಹೊಸಬನಾಗುತ್ತೇನೆಂದು ನಂಬಿದ್ದ. ಕೆಳಗಿನ ಸ್ಟಾಪು ಗೆದ್ದಿತು.

ಮೇಲುಕೇರಿಯ ನಂಜಿ, ಮಂಡಿನೋವಿನವಳು, ಮರುದಿನ ಬೆಳಿಗ್ಗೆ ಬಂದಳು. “ಹಟ್ಟೀನೇ ಹೇಳಿದ್ಮೇಲೆ ಸರಿ ಚೆನ್ನಯ್ಯ. ನಾ ಮೆಲ್ಲಗೆ ಇಳೀತೀನಿ.”

ಬನ್ನು ಸುತ್ತಿಕೊಡುವಾಗ ಅವನು ಅವಳ ಮುಖ ನೋಡಲಿಲ್ಲ.

ಮಧ್ಯಾಹ್ನ ಭುವನಾ ಬಂದು ಬೆಂಚಿನ ಮೇಲೆ ಕೂತಳು. “ಮಾಮ, ನಲವತ್ತೊಂದು ವೋಟು ಒಂದೇ ಮಿಷಿನ್ನಿಂದ ಬಂದಿದೆ.”

“ಪ್ರೈವೇಟಲ್ಲಿ ತಾನೇ ನಾನು...” ಎಂದವನು ನಾಲಿಗೆ ಕಚ್ಚಿಕೊಂಡ.

“ಅದು ನಿಮ್ಮ ಮಿಷಿನ್ನಲ್ಲಿರೋ ಗುರುತು ಅಳಿಸ್ತದೆ, ಅಷ್ಟೇ. ಸೈಟು ಬ್ರೌಸರನ್ನ ಕೇಳ್ತದೆ, ನಿನ್ನ ಪರದೆ ಎಷ್ಟಗಲ, ಯಾವ್ಯಾವ ಫಾಂಟಿದೆ, ಒಂದು ಚಿತ್ರ ಕೊಟ್ರೆ ಹೆಂಗೆ ಬರೀತೀಯ ಅಂತ. ಒಂದೊಂದೇ ಆದ್ರೆ ಬೇರೆಯವರಲ್ಲೂ ಸಿಗ್ತದೆ. ಎಲ್ಲಾ ಕೂಡಿಸಿದ್ರೆ ಹೆಬ್ಬೆಟ್ಟಿನ ಗುರುತಿದ್ದಂಗೆ, ಒಬ್ಬರದೇ. ಈ ಹಟ್ಟೀಲಿ ಎಲ್ಲಾ ತಮಿಳಲ್ಲಿ ಬರೀತಾರೆ. ಹದಿನೆಂಟು ಕನ್ನಡ ಫಾಂಟು ಯಾರ ಹತ್ರ ಇದೆ, ನೀವೇ ಹೇಳಿ.”

ಅವನ ಕಿವಿ ಬಿಸಿಯಾಯಿತು. ಆದರೂ ಬಾಯಿಗೆ ಬಂದದ್ದು ಬೇರೆ. “ಗುರುತು ಸಿಗದ ಹಂಗೆ ಮಾಡೋ ದಾರಿ ಇಲ್ವಾ ಕೂಸೇ?”

“ಇದೆ. ಟಾರ್ ಅಂತ ಬ್ರೌಸರು. ಅದ್ರಲ್ಲಿ ಎಲ್ಲಾರೂ ಆದಷ್ಟು ಒಂದೇ ಥರ ಕಾಣ್ತಾರೆ. ಹೆದರಿಕೊಂಡು ನಿಜ ಹೇಳೋರಿಗೆ ಬೇಕಾಗ್ತದೆ. ನಿಮಗ್ಯಾಕೆ, ಇನ್ನೊಂದು ನಲವತ್ತು ಹಾಕಕ್ಕಾ?”

ಅವಳು ನಗುತ್ತಲೇ ಕೇಳಿದ್ದಳು. ಆ ನಗುವಿಗಿಂತ ತನ್ನ ಪ್ರಶ್ನೆಯೇ ಅವನನ್ನು ಸುಟ್ಟಿತು. ಸಿಕ್ಕಿಬಿದ್ದ ಮೇಲೂ ಮನಸ್ಸು ಅಡಗಲು ಜಾಗ ಹುಡುಕಿತ್ತು.

“ಯಾರಿಗೂ ಹೇಳಿಲ್ಲ ಮಾಮ. ಅವನ್ನ ತೆಗೆದ್ರೆ ಮೇಲುಕೇರಿ ಗೆಲ್ತದೆ. ನಾನೇ ಎಣಿಸೋವಾಗ ತಪ್ಪಿದೆ ಅಂತೀನಿ, ಮುಗೀತು.”

ಚೆನ್ನಯ್ಯ ಚಪ್ಪಲಿ ಮೆಟ್ಟಿದ. “ನನ್ನ ತಪ್ಪು ನೀ ಯಾಕವ್ವ ಹೊರ್ತೀಯ? ನಂಜಕ್ಕನಿಗೆ ನಾನೇ ಹೇಳ್ಬೇಕು, ‘ಅದು ಹಟ್ಟಿ ಹೇಳಿದ್ದಲ್ಲ ಕಣಕ್ಕ, ನಾನು...’” ಎನ್ನುತ್ತ, ಅಂಗಡಿಯನ್ನು ಅವಳಿಗೇ ಬಿಟ್ಟು, ಚಹಾ ಗಿಡಗಳ ನಡುವಿನ ಮೆಟ್ಟಿಲು ಹತ್ತತೊಡಗಿದ.